ಟವರ್ ಪ್ರಶ್ನೆ ಬಂದಾಗ

ಮೇಷ್ಟ್ರೇ, 2021ರ ಮೇ ತಿಂಗಳಲ್ಲಿ ‘ಕೊರೊನಾ ಬಂದಿದ್ದು 5ಜಿ ಟವರಿನಿಂದ’ ಎಂಬ ಸುದ್ದಿ ವಾಟ್ಸಾಪ್ ತುಂಬಾ ಓಡಾಡಿತ್ತು. ನಮ್ಮಲ್ಲಿ 5ಜಿ ಸೇವೆ ಶುರುವಾದದ್ದೇ 2022ರ ಅಕ್ಟೋಬರಿನಲ್ಲಿ! ಇಂಥದ್ದನ್ನು ಮಕ್ಕಳು ಕೇಳಿದರೆ ನಗಬೇಡಿ, ಗದರಬೇಡಿ. ಎರಡೂ ತಾರೀಖು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲಿ. ಉಳಿದದ್ದನ್ನು ಅವರೇ ಹೇಳುತ್ತಾರೆ.

ಆಮೇಲೆ ವಿಜ್ಞಾನ. 5ಜಿ ಅಲೆಯ ಫೋಟಾನಿಗಿಂತ ಬಲ್ಬಿನ ಬೆಳಕಿನ ಫೋಟಾನಿಗೆ ಸುಮಾರು ಲಕ್ಷ ಪಟ್ಟು ಹೆಚ್ಚು ಶಕ್ತಿ. ಪರಮಾಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತುಹಾಕುವ ತಾಕತ್ತು ಇವೆರಡಕ್ಕೂ ಇಲ್ಲ, ಅದು ಎಕ್ಸ್‌ರೇ, ಗಾಮಾ ಕಿರಣಗಳದ್ದು. ಹಾಗಂತ ವಿಕಿರಣದಿಂದ ಏನೂ ಆಗದು ಎನ್ನಬೇಡಿ (ಚೆರ್ನೋಬಿಲ್ ಅಣುಸ್ಥಾವರ ದುರಂತ ಕಟ್ಟುಕಥೆಯಲ್ಲ). ಬಾಳೆಹಣ್ಣಿನಲ್ಲೂ ವಿಕಿರಣವಿದೆ, ಪ್ರಶ್ನೆ ಇರುವುದು ಎಷ್ಟು ಎಂಬುದರಲ್ಲಿ. ಫೋನಿನದ್ದು ಎಷ್ಟೆಂದು ತಿಳಿಯಲು ಮೊಬೈಲಿನಲ್ಲಿ *#07# ಒತ್ತಿಸಿ. ಹಲವು ಫೋನ್‌ಗಳಲ್ಲಿ ಎಸ್‌ಎಆರ್ ಮಟ್ಟ, ಅಂದರೆ ದೇಹ ಹೀರಿಕೊಳ್ಳುವ ರೇಡಿಯೋ ಅಲೆಯ ಶಕ್ತಿಯ ಪ್ರಮಾಣ, ಕಾಣುತ್ತದೆ. ಭಾರತದಲ್ಲಿ ಮಿತಿ ಕಿಲೋಗೆ 1.6 ವ್ಯಾಟ್, ಹೋಲಿಸಿ ನೋಡಲಿ.