ಕೋವಿಯ ನಳಿಗೆಯಲ್ಲಿ ಗಟ್ಟಿಯಾದ ಮಸಿ: ಕೆರೆಯಬೇಡಿ, ನೆನೆಸಿ

(ಕೃಷಿ ಮತ್ತು ಆರೋಗ್ಯ)



ಅಡಿಕೆ, ತೆಂಗು, ಬಾಳೆ, ಮರಗೆಣಸು ಬೆಳೆಯುವ ನಮ್ಮ ಕಾಸರಗೋಡಿನ ಗುಡ್ಡದ ಬದಿಯ ಕೆಲವು ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸನ್ಸ್ ಪಡೆದ ಕೋವಿ ಇರುವುದು ಹೊಸ ಸಂಗತಿಯಲ್ಲ. ಕಾಡುಹಂದಿಯ ಉಪದ್ರವ ಹೆಚ್ಚಾದುದರಿಂದ 2022ರಲ್ಲಿ ಕೇರಳ ಸರಕಾರವು ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೂ ನೀಡಿತು. ವರ್ಷಗಟ್ಟಲೆ ಗೋಡೆಯಲ್ಲೇ ನೇತಾಡುತ್ತಿದ್ದ ಕೆಲವು ಕೋವಿಗಳು ಆ ಮೇಲೆ ಕೆಳಗಿಳಿದವು. ಅಂಥವುಗಳ ನಳಿಗೆಯೊಳಗೆ ನೋಡಿದರೆ ದೋಸೆ ಕಾವಲಿಯ ಅಡಿಭಾಗದಂತೆ ಕರಿ ಕಟ್ಟಿ ಗಟ್ಟಿಯಾಗಿರುತ್ತದೆ. ಅದನ್ನು ತೆಗೆಯುವ ಕ್ರಮವನ್ನು ಈ ಸಲ ನೋಡೋಣ. ಗಟ್ಟಿ ಮಸಿಗೆ ಬೇಕಾದದ್ದು ನೆನೆಸುವಿಕೆ ಮತ್ತು ಸಮಯ. ತೋಳಿನ ಬಲದಿಂದ ಕೆರೆದವರು ನಳಿಗೆಯನ್ನೇ ಕೆಡಿಸಿಕೊಳ್ಳುತ್ತಾರೆ.

ತಳ ಹಿಡಿದ ಅನ್ನದ ಪಾತ್ರೆಯನ್ನು ಮನೆಯ ಹೆಂಗಸರು ಏನು ಮಾಡುತ್ತಾರೆ? ರಾತ್ರಿ ನೀರು ಹಾಕಿ ಇಡುತ್ತಾರೆ, ಬೆಳಿಗ್ಗೆ ತಿಕ್ಕುತ್ತಾರೆ. ಚೂರಿಯಿಂದ ಕೆರೆಯುವುದಿಲ್ಲ. ಕೋವಿಯ ವಿಷಯದಲ್ಲಿ ಗಂಡಸರಿಗೆ ಇಷ್ಟು ತಾಳ್ಮೆ ಇರುವುದಿಲ್ಲ ಎಂಬುದೇ ಕಷ್ಟ.

ಮೊದಲು ಕೋವಿ ಖಾಲಿ ಇದೆಯೇ?

ಶುಚಿ ಮಾಡುವಾಗಲೇ ಈಡು ಹಾರಿ ಜೀವ ಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಪ್ರತಿಸಲವೂ "ಖಾಲಿ ಎಂದು ತಿಳಿದಿದ್ದರು" ಎಂಬ ಮಾತೇ ಇರುತ್ತದೆ. ಆದುದರಿಂದ ತಿಳಿದುಕೊಂಡರೆ ಸಾಲದು, ಕಣ್ಣಿನಿಂದ ನೋಡಬೇಕು. ತೋಟೆಗಳನ್ನೆಲ್ಲ ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಟ್ಟು ಬನ್ನಿ. ಮಡಚುವ ಕೋವಿಯಾದರೆ ಮಡಚಿ ಎರಡೂ ನಳಿಗೆಯ ಮೂಲಕ ಬೆಳಕು ಕಾಣುತ್ತದೆಯೇ ನೋಡಿ. ರೈಫಲ್ ಆದರೆ ಮೊದಲು ತೋಟೆಯ ಪೆಟ್ಟಿಗೆಯನ್ನು, ಅಂದರೆ ಮ್ಯಾಗಝಿನನ್ನು, ಹೊರಗೆ ತೆಗೆಯಬೇಕು. ಅನಂತರ ಬೋಲ್ಟ್ ಎಳೆದು, ತೋಟೆ ಕೂರುವ ಗೂಡನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ಪರೀಕ್ಷಿಸಬೇಕು. ಈ ಕ್ರಮ ಹಿಂದುಮುಂದಾದರೆ ಬೋಲ್ಟ್ ಮುಚ್ಚುವಾಗ ಪೆಟ್ಟಿಗೆಯಿಂದ ಇನ್ನೊಂದು ತೋಟೆ ಒಳಗೆ ಸೇರಿಬಿಡುತ್ತದೆ.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯಲ್ಲಿ ಬೆಳಕು ನೋಡಲು ಆಗದು. ಇದಕ್ಕೆ ಹಳಬರ ಒಂದು ಒಳ್ಳೆಯ ಉಪಾಯವಿದೆ. ಕೋವಿ ಖಾಲಿ ಇದೆಯೆಂದು ಖಾತ್ರಿಯಿರುವಾಗ ಮದ್ದು ಜಡಿಯುವ ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗೀರು ಹಾಕಿಡುವುದು. ಮುಂದೆ ಯಾವಾಗ ಕೋಲು ಇಳಿಸಿದರೂ ಆ ಗೀರು ಬಾಯಿಗಿಂತ ಮೇಲೆಯೇ ನಿಂತರೆ ಒಳಗೆ ಏನೋ ಇದೆ ಎಂದರ್ಥ. ಆಗ ಅದನ್ನು ಕುಕ್ಕುವುದು, ಕೊರೆಯುವುದು ಬೇಡ. ಲೈಸನ್ಸ್ ಇರುವ ಕೋವಿ ರಿಪೇರಿಯವರ ಕೈಗೆ ಕೊಡಿ.

ಯಾವ ಮದ್ದಿನ ಮಸಿ?

ಎಲ್ಲಾ ಮಸಿಯೂ ಒಂದೇ ಅಲ್ಲ. ಕೇಪಿನ ಕೋವಿಗೆ ಹಾಕುವ ಕಪ್ಪು ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತದೆ. ಅದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಬೂದಿಯ ರೂಪದ ಘನವಸ್ತುವಾಗಿಯೇ ಉಳಿಯುತ್ತದೆ. ಈ ಬೂದಿಯಲ್ಲಿ ಕ್ಷಾರ, ಗಂಧಕದ ಲವಣಗಳಿವೆ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಅವುಗಳ ಗುಣ. ನಮ್ಮ ಆಟಿ ತಿಂಗಳ ಹವೆಯಲ್ಲಿ ಇಂಥ ನಳಿಗೆಯನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೂ ತುಕ್ಕು ಏಳುತ್ತದೆ. ಆದರೆ ಈ ಮಸಿಗೆ ಮದ್ದು ಸುಲಭ: ನೀರು. ನಳಿಗೆಯನ್ನು ಹಿಡಿಯಿಂದ ಬಿಚ್ಚಿ, ಕೇಪು ಕೂರಿಸುವ ಚಿಕ್ಕ ಮೊಳೆಯನ್ನು ತಿರುಗಿಸಿ ತೆಗೆದು, ನಳಿಗೆಯ ಬುಡವನ್ನು ಸಾಬೂನು ಹಾಕಿದ ಬಿಸಿನೀರಿನ ಬಾಲ್ದಿಯಲ್ಲಿ ಇಡಿ. ಕೋಲಿನ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಎಳೆದರೆ ಪಂಪಿನಂತೆ ನೀರು ಏರಿ ಇಳಿದು ಮಸಿಯನ್ನು ತೊಳೆಯುತ್ತದೆ. ನೀರು ಎರಡು ಮೂರು ಸಲ ಬದಲಿಸಿ. ಕೊನೆಯ ನೀರು ಚೆನ್ನಾಗಿ ಬಿಸಿಯಿರಲಿ, ನಳಿಗೆ ಕಾದು ತಾನೇ ಬೇಗ ಒಣಗುತ್ತದೆ. ಒಣಗಿದ ಕೂಡಲೇ ಎಣ್ಣೆಯ ಬಟ್ಟೆ ಹಾಯಿಸಬೇಕು, ನಾಳೆಗೆ ಇಡಬಾರದು.

ಸೇನೆಯಲ್ಲಿ ಇದ್ದು ಬಂದ ಹಿರಿಯರಿಗೆ 303 ರೈಫಲಿಗೆ ಕುದಿಯುವ ನೀರು ಹೊಯ್ಯುತ್ತಿದ್ದುದು ನೆನಪಿರಬಹುದು. ಅದು ಮಸಿ ತೆಗೆಯಲಿಕ್ಕಲ್ಲ. ಹಳೆಯ ತೋಟೆಗಳ ಹಿಂಬದಿಯ ಕೇಪಿನಿಂದ ಒಂದು ಬಗೆಯ ಉಪ್ಪು ನಳಿಗೆಯಲ್ಲಿ ಉಳಿಯುತ್ತಿತ್ತು, ಅದನ್ನು ಕರಗಿಸಲು ಆ ನೀರು.

ಈಗಿನ ತೋಟೆಗಳಲ್ಲಿರುವ ಹೊಗೆರಹಿತ ಮದ್ದು ಕಡಮೆ ಬೂದಿ ಬಿಡುತ್ತದೆ ನಿಜ, ಆದರೆ ಬಿಟ್ಟದ್ದು ನೀರಿಗೆ ಕರಗದು. ಪ್ರತಿಯೊಂದು ಈಡಿನ ಮಸಿಯನ್ನು ಮುಂದಿನ ಈಡಿನ ಬೆಂಕಿ ಸುಟ್ಟು, ಅದರ ಒತ್ತಡವು ಅಮುಕಿ, ಅರಗಿನಂತೆ ಅಂಟಿಸುತ್ತದೆ. ತೋಟೆ ಕೂರುವ ಗೂಡಿನ ಎದುರಿನ ಒಂದೆರಡು ಅಂಗುಲದಲ್ಲಿ ಇದು ಹೆಚ್ಚು, ಅಲ್ಲಿಯೇ ಬೆಂಕಿಯ ಉರಿ ಜೋರು. ಚರೆಯ ತೋಟೆ ಹಾರಿಸುವ ಹನ್ನೆರಡು ಬೋರಿನ ಕೋವಿಯಲ್ಲಿ ತುದಿಯ ಕಿರಿದಾದ ಭಾಗದಲ್ಲೂ ಸೀಸ ಮತ್ತು ಪ್ಲಾಸ್ಟಿಕಿನ ಪದರ ಕಟ್ಟುತ್ತದೆ.

ನೆನೆಸುವ ಕ್ರಮ

ಬೇಕಾದ ಸಾಮಾನು ಹೆಚ್ಚಿಲ್ಲ. ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ ಹೊದಿಕೆಯ ಒಂದು ರಾಡು, ನಳಿಗೆಯ ಅಳತೆಗೆ ಸರಿಯಾದ ಕಂಚಿನ ತಂತಿಯ ಬ್ರಷ್, ಹಳೆಯ ಹತ್ತಿಯ ಬನಿಯನ್ ಬಟ್ಟೆಯ ತುಂಡುಗಳು, ಮಸಿ ಕರಗಿಸುವ ದ್ರವ, ಕೋವಿಯ ಎಣ್ಣೆ. ಹನ್ನೆರಡು ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿ.ಮೀ., 315 ರೈಫಲಿನದ್ದು 8 ಮಿ.ಮೀ., ಪಾಯಿಂಟ್ 22ರದ್ದು 5.6 ಮಿ.ಮೀ. ಒಂದರ ಬ್ರಷ್ ಇನ್ನೊಂದಕ್ಕೆ ಆಗದು. ಬಿದಿರಿನ ಕಡ್ಡಿ ಬೇಡ. ಅದು ಒಳಗೆ ಸೀಳಿ ಮುರಿದರೆ ತೆಗೆಯುವುದೇ ಒಂದು ಕೆಲಸ.

ದ್ರವಕ್ಕೆ ಕೋವಿ ಅಂಗಡಿಯಲ್ಲಿ ಮಸಿ ಕರಗಿಸಲೆಂದೇ ಮಾಡಿದ್ದನ್ನು ಕೇಳಿ. ಅದು ಸಿಗದಿದ್ದರೆ ಚಿಮಿಣಿ ಎಣ್ಣೆಯೂ ಸ್ವಲ್ಪ ಮಟ್ಟಿಗೆ ಮಸಿಯನ್ನು ಮೆದು ಮಾಡುತ್ತದೆ, ಸಮಯ ಮಾತ್ರ ಹೆಚ್ಚು ಬೇಕು. ಪೆಟ್ರೋಲ್ ಖಂಡಿತ ಬೇಡ. ಅದರ ಆವಿ ನೆಲದ ಮೇಲೆ ಹರಿದು ದೂರದ ಒಲೆಯ ಬೆಂಕಿಯನ್ನೂ ಹಿಡಿಯುತ್ತದೆ. ಯಾವುದನ್ನು ಉಪಯೋಗಿಸುವುದಾದರೂ ಜಗಲಿಯಲ್ಲೋ ಅಂಗಳದಲ್ಲೋ ಕುಳಿತು, ಬೀಡಿ ದೂರವಿಟ್ಟು ಕೆಲಸ ಮಾಡಿ.

ಬಟ್ಟೆಯ ತುಂಡನ್ನು ದ್ರವದಲ್ಲಿ ಚೆನ್ನಾಗಿ ತೋಯಿಸಿ ಬುಡದಿಂದ ತುದಿಗೆ ಹಾಯಿಸಿ. ಕಪ್ಪಾಗಿ ಬಂದ ತುಂಡನ್ನು ತುದಿಯಲ್ಲೇ ತೆಗೆದುಹಾಕಿ, ಅದನ್ನೇ ಹಿಂದಕ್ಕೆ ಎಳೆಯಬೇಡಿ. ಎರಡು ಮೂರು ತುಂಡು ಆದ ಮೇಲೆ ಇನ್ನೊಂದು ಒದ್ದೆ ತುಂಡು ಹಾಯಿಸಿ, ನಳಿಗೆಯ ತುದಿ ಕೆಳಗಾಗುವಂತೆ ಓರೆಯಾಗಿ ಇಟ್ಟು ಇಪ್ಪತ್ತು ನಿಮಿಷ ಬಿಟ್ಟುಬಿಡಿ. ತುದಿ ಮೇಲಾದರೆ ದ್ರವವು ಯಂತ್ರದ ಭಾಗಕ್ಕೂ ಮರದ ಹಿಡಿಗೂ ಇಳಿಯುತ್ತದೆ. ಎಣ್ಣೆ ಕುಡಿದ ಮರ ಮೆದುವಾಗಿ ಬಿರಿಯುತ್ತದೆ. ಅಷ್ಟರಲ್ಲಿ ದನಕ್ಕೆ ಹುಲ್ಲು ಹಾಕಿ ಬರಬಹುದು.

ಅನಂತರ ಬ್ರಷ್. ಅದನ್ನೂ ತೋಯಿಸಿ, ಬುಡದಿಂದ ನೂಕಿ, ತುದಿಯಿಂದ ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು. ನಡುವೆ ದಿಕ್ಕು ಬದಲಿಸಿದರೆ ತಂತಿಗಳು ಮಡಚಿ ಬ್ರಷ್ ಸಿಕ್ಕಿಕೊಳ್ಳುತ್ತದೆ. ಹತ್ತು ಸಲ ಸಾಕು. ಪುನಃ ಬಟ್ಟೆ, ಪುನಃ ನೆನೆಸುವುದು. ತುಂಬಾ ಹಳೆಯ ಮಸಿಯಾದರೆ ಸಂಜೆ ತೋಯಿಸಿ ಬೀಗದೊಳಗೆ ಇಟ್ಟು ಬೆಳಿಗ್ಗೆ ಮುಂದುವರಿಸಿ. ಮೂರು ದಿನ ಹಿಡಿದರೂ ಹಿಡಿಯಲಿ.

ರೈಫಲಿನ ಮಾತು ಸ್ವಲ್ಪ ಬೇರೆ. ಅದರ ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳಿವೆ, ಗುಂಡು ತಿರುಗುತ್ತಾ ನೇರವಾಗಿ ಹೋಗುವುದು ಅವುಗಳಿಂದ. ಮಸಿ ಆ ಗೀರುಗಳ ಮೂಲೆಯಲ್ಲಿ ಕೂರುತ್ತದೆ. ಗುಂಡಿಗೆ ತಾಮ್ರದ ಹೊದಿಕೆ ಇದ್ದರೆ ಮಸಿಯ ಮೇಲೆ ತಾಮ್ರ, ತಾಮ್ರದ ಮೇಲೆ ಮಸಿ ಎಂದು ಪದರ ಪದರವಾಗಿ ಕಟ್ಟುತ್ತದೆ. ಎಷ್ಟು ನೆನೆಸಿದರೂ ಮಸಿ ಮುಂದೆ ಬಿಡುವುದಿಲ್ಲ ಎಂದಾದರೆ ತಡೆಯುವುದು ಈ ತಾಮ್ರವೇ. ಇದಕ್ಕೆ ಅಮೋನಿಯ ಇರುವ ಬೇರೆ ದ್ರವ ಸಿಗುತ್ತದೆ. ಅದನ್ನು ಹಾಕಿ ತೆಗೆದ ಬಟ್ಟೆಯಲ್ಲಿ ನೀಲಿ ಹಸಿರು ಬಣ್ಣ ಕಂಡರೆ ತಾಮ್ರ ಕರಗುತ್ತಿದೆ ಎಂದು ತಿಳಿಯಿರಿ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಕರಗಿಸಿದವರಿಗೆ ಆ ಬಣ್ಣದ ಗುರುತು ಹೇಳಿಕೊಡಬೇಕಾಗಿಲ್ಲ. ಆದರೆ ಕಂಚಿನ ಬ್ರಷ್ ಮತ್ತು ಹಿತ್ತಾಳೆಯ ರಾಡಿನಲ್ಲೂ ತಾಮ್ರವಿದೆ, ಅವೂ ಕರಗಿ ಅದೇ ಬಣ್ಣ ಕೊಟ್ಟು ಮೋಸ ಮಾಡುತ್ತವೆ. ಈ ಹಂತದಲ್ಲಿ ನೈಲಾನ್ ಬ್ರಷ್ ಮತ್ತು ಹೊದಿಕೆಯಿರುವ ರಾಡು ಒಳ್ಳೆಯದು. ಅಮೋನಿಯದ ದ್ರವವನ್ನು ಡಬ್ಬಿಯ ಮೇಲೆ ಬರೆದ ಹೊತ್ತಿಗಿಂತ ಹೆಚ್ಚು ಬಿಡಬಾರದು, ರಾತ್ರಿಯಿಡೀ ಅಂತೂ ಕೂಡದು, ಉಕ್ಕನ್ನೇ ತಿನ್ನುತ್ತದೆ. ಅದನ್ನು ಪೂರ್ತಿ ಒರೆಸಿ ತೆಗೆದ ಮೇಲೆ ಪುನಃ ಮಸಿಯ ದ್ರವ.

ಉಕ್ಕಿನ ನಾರು, ಮರಳು ಕಾಗದ, ಸೈಕಲಿನ ಕಡ್ಡಿ, ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿದ ಬ್ರಷ್, ಇವು ಯಾವುದೂ ನಳಿಗೆಯೊಳಗೆ ಹೋಗಬಾರದು. ಅವು ಮಾಡುವ ಗೀರುಗಳಲ್ಲಿ ಮುಂದಿನ ಮಸಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ.

ಎಲ್ಲಿಗೆ ನಿಲ್ಲಿಸಬೇಕು?

ಬಟ್ಟೆ ತೆಳು ಬೂದು ಬಣ್ಣಕ್ಕೆ ಬಂದರೆ ಸಾಕು, ಕನ್ನಡಿಯಂತೆ ಹೊಳೆಯಬೇಕೆಂದಿಲ್ಲ. ಎಷ್ಟು ನೆನೆಸಿದರೂ ಬದಲಾಗದ ಕಪ್ಪು ಚುಕ್ಕೆಗಳಿದ್ದರೆ ಅವು ಮಸಿಯಲ್ಲ, ತುಕ್ಕು ತಿಂದ ಗುಳಿಗಳು. ಅವುಗಳನ್ನು ಉಜ್ಜಿ ತೆಗೆಯಲಾಗದು. ಬೆಳಕಿಗೆ ಹಿಡಿದಾಗ ನಳಿಗೆಯ ಸುತ್ತಲೂ ಬಳೆಯಂತೆ ನೆರಳು ಕಂಡರೆ, ಅಥವಾ ಹೊರಗಡೆ ಬೆರಳಾಡಿಸಿದಾಗ ಉಬ್ಬು ಸಿಕ್ಕಿದರೆ, ಆ ಕೋವಿಯಿಂದ ಇನ್ನು ಒಂದು ಈಡೂ ಹಾರಿಸಬೇಡಿ. ರಿಪೇರಿಯವರು ನೋಡಲಿ. ನಳಿಗೆ ಉಬ್ಬುವುದು, ಒಡೆಯುವುದು ಹೆಚ್ಚಾಗಿ ಒಳಗೆ ಏನಾದರೂ ಅಡ್ಡ ಇದ್ದಾಗ: ಮರೆತುಹೋದ ಬಟ್ಟೆಯ ತುಂಡು, ತೋಟದ ಕೆಸರು, ಹನ್ನೆರಡು ಬೋರಿನೊಳಗೆ ತಪ್ಪಿ ಜಾರಿದ ಇಪ್ಪತ್ತು ಬೋರಿನ ತೋಟೆ. ಗೋಡೆಯ ತೂತುಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳಕ್ಕೆ ಕೋವಿಯ ನಳಿಗೆಯೂ ಒಂದು ತೂತೇ. ಹಾಕಿದ ಬಟ್ಟೆ ತುಂಡುಗಳೆಷ್ಟು, ಹೊರಬಂದವೆಷ್ಟು ಎಂದು ಲೆಕ್ಕವಿಡಿ.

ಕೈ, ಮಕ್ಕಳು, ಬಾಟ್ಲಿ

ಬಟ್ಟೆಯಲ್ಲಿ ಬಂದ ಆ ಕರಿಯಲ್ಲಿ ಸೀಸವಿದೆ. ಗುಂಡು ಮತ್ತು ಚರೆಯಿಂದ ಮಾತ್ರವಲ್ಲ, ಹೆಚ್ಚಿನ ತೋಟೆಗಳ ಕೇಪಿನಲ್ಲೂ ಸೀಸದ ಸಂಯುಕ್ತ ಇರುತ್ತದೆ. ದೇಹಕ್ಕೆ ಇಷ್ಟು ಸೀಸ ಹೋದರೆ ತೊಂದರೆಯಿಲ್ಲ ಎಂಬ ಪ್ರಮಾಣವೇ ಇಲ್ಲ. ದೊಡ್ಡವರಲ್ಲಿ ಅದು ಹೊಟ್ಟೆನೋವು, ರಕ್ತಹೀನತೆ ತರಬಹುದು. ಬೆಳೆಯುವ ಮಕ್ಕಳ ಮಿದುಳಿಗೆ ಮತ್ತು ಗರ್ಭದಲ್ಲಿರುವ ಶಿಶುವಿಗೆ ಅಲ್ಪವೂ ಹಾನಿಕರ. ಆದುದರಿಂದ ಈ ಕೆಲಸದ ನಡುವೆ ವೀಳ್ಯ ಹಾಕುವುದು, ಚಾ ಕುಡಿಯುವುದು ಬೇಡ. ರಬ್ಬರ್ ಕೈಚೀಲ ಹಾಕಿಕೊಳ್ಳಿ. ಕೆಲಸ ಮುಗಿಸಿ ಸಾಬೂನಿನಿಂದ ಉಗುರಿನ ಸಂದಿಯವರೆಗೂ ತೊಳೆಯಿರಿ, ಉಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ. ಅಡುಗೆಮನೆಯ ತಟ್ಟೆ, ಲೋಟವನ್ನು ಇದಕ್ಕೆ ತರಬೇಡಿ. ಬಳಸಿದ ತುಂಡುಗಳನ್ನು ಬಚ್ಚಲ ಒಲೆಗೆ ಹಾಕಿದರೆ ಸೀಸ ಹೊಗೆಯಲ್ಲಿ ಸೇರುತ್ತದೆ. ಗೊಬ್ಬರದ ಗುಂಡಿಯೂ ಬಾವಿಯ ಕಟ್ಟೆಯ ಬದಿಯೂ ಅವಕ್ಕೆ ಜಾಗವಲ್ಲ. ಒಂದು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದಂತೆ ಬೇರೆಯೇ ಇಟ್ಟು, ಪಂಚಾಯತಿನ ಅಪಾಯಕಾರಿ ಕಸದೊಂದಿಗೆ ಕೊಡಿ.

ಚಿಮಿಣಿ ಎಣ್ಣೆಯನ್ನು ಶರಬತ್ತಿನ ಬಾಟ್ಲಿಯಲ್ಲಿ ತುಂಬಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು. ವಾಂತಿಯೊಂದಿಗೆ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಬಾಟ್ಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಯಾವುದೇ ದ್ರವ ಕಣ್ಣಿಗೆ ಹಾರಿದರೆ ಶುದ್ಧ ನೀರಿನಲ್ಲಿ ಹದಿನೈದು ನಿಮಿಷ ಬಿಡದೆ ತೊಳೆದು ವೈದ್ಯರಿಗೆ ತೋರಿಸಿ.

ಎಣ್ಣೆ ಮತ್ತು ಚುನಾವಣೆ

ಶುಚಿಯಾದ ನಳಿಗೆಗೆ ಕೋವಿಯ ಎಣ್ಣೆಯ ತೆಳು ಪದರ ಸಾಕು. ತೆಂಗಿನೆಣ್ಣೆ ಬೇಡ; ತಣ್ಣಗಿನ ದಿನ ಗಟ್ಟಿಯಾಗುತ್ತದೆ, ಹಳತಾದಂತೆ ಕನರುತ್ತದೆ. ಚಿಮಿಣಿ ಎಣ್ಣೆ ಆರಿದ ಮೇಲೆ ತುಕ್ಕಿನಿಂದ ರಕ್ಷಣೆ ಕೊಡದು. ಚರ್ಮದ ಅಥವಾ ಬಟ್ಟೆಯ ಚೀಲದೊಳಗೆ ಕೋವಿಯನ್ನು ಮಳೆಗಾಲ ಕಳೆಯಲು ಬಿಡಬೇಡಿ, ಅವು ತೇವ ಹಿಡಿಯುತ್ತವೆ. ಹಾರಿಸುವ ಮೊದಲು ಒಣ ಬಟ್ಟೆ ಹಾಯಿಸಿ ಎಣ್ಣೆ ತೆಗೆಯಬೇಕು.

ಚುನಾವಣೆಯ ಸಮಯದಲ್ಲಿ ಕೋವಿಗಳನ್ನು ಠೇವಣಿ ಇಡಬೇಕಾಗಿ ಬಂದಾಗ ಹಿಂದಿನ ದಿನವೇ ಮಸಿ ತೆಗೆದು, ಎಂದಿಗಿಂತ ಸ್ವಲ್ಪ ದಪ್ಪವಾಗಿ ಎಣ್ಣೆ ಹಚ್ಚಿ ಕೊಡಿ. ವಾರಗಟ್ಟಲೆ ಅದನ್ನು ಅಲ್ಲಿ ಯಾರೂ ಒರೆಸುವುದಿಲ್ಲ. ಹಿಂದಕ್ಕೆ ತಂದ ದಿನವೇ ಬೆಳಕಿಗೆ ಹಿಡಿದು ನೋಡಿ. ಕೆಂಪು ಹುಡಿ ಕಂಡರೆ ಅದು ಹೊಸ ತುಕ್ಕು. ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ ಕಂಚಿನ ಬ್ರಷ್ ಹಾಯಿಸಿದರೆ ಗುಳಿ ಬೀಳುವ ಮೊದಲೇ ಬಿಡುತ್ತದೆ.