ಮುರಿಯುವ ಮೂಳೆ, ಪಿತ್ತಕೋಶದ ಕಲ್ಲು

ಪ್ರಶ್ನೆ: ತಂಗಿಗೆ 29 ವರ್ಷ. ಹುಟ್ಟಿನಿಂದಲೇ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಈವರೆಗೆ 14 ಸಲ ಮೂಳೆ ಮುರಿದಿದೆ, ಬೆನ್ನು ಸೊಟ್ಟಗಾಗಿದೆ, ಗಾಲಿಕುರ್ಚಿಯಲ್ಲೇ ಓಡಾಟ. ಈಗ ಪಿತ್ತಕೋಶದಲ್ಲಿ ಕಲ್ಲು. ಎರಡು ತಿಂಗಳಲ್ಲಿ ಮೂರು ಸಲ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದಳು. ಲ್ಯಾಪ್ರೋಸ್ಕೋಪಿ ಮಾಡೋಣ ಎನ್ನುತ್ತಿದ್ದಾರೆ. ಹೊಟ್ಟೆಗೆ ಗಾಳಿ ತುಂಬಿದರೆ ಪಕ್ಕೆಲುಬು ಮುರಿಯುವುದಿಲ್ಲವೇ ಎಂದು ಅಮ್ಮನಿಗೆ ಭಯ. ಮಾಡಿಸಬಹುದೇ ಡಾಕ್ಟ್ರೇ?
– ಹೆಸರು ಬೇಡ, ಹಾವೇರಿ

ಉತ್ತರ: ಮಾಡಿಸಬಹುದು. ಪದೇ ಪದೇ ಕಾಡುವ ಕಲ್ಲನ್ನು ಹಾಗೇ ಬಿಟ್ಟು, ಪಿತ್ತಕೋಶ ಕೀವಾದ ಮೇಲೆ ಅಪರಾತ್ರಿ ತುರ್ತಾಗಿ ಮಾಡಿಸುವುದಕ್ಕಿಂತ, ದಿನ ಗೊತ್ತುಮಾಡಿಕೊಂಡು ಮಾಡಿಸುವುದೇ ಮೇಲು. ಪಕ್ಕೆಯ ಕೆಳಗೆ ಉದ್ದಕ್ಕೆ ಕೊಯ್ದರೆ ನೋವಿಗೆ ಹೆದರಿ ರೋಗಿ ಉಸಿರನ್ನೇ ಮೇಲೆ ಮೇಲೆ ಆಡುತ್ತಾರೆ, ಕಫ ಕಟ್ಟುತ್ತದೆ, ಹಾಸಿಗೆ ಬಿಟ್ಟೇಳಲು ದಿನಗಳು ಬೇಕು. ಮಲಗಿದಷ್ಟೂ ಮೂಳೆ ಇನ್ನಷ್ಟು ಸವೆಯುತ್ತದೆ. ಹಾಗಾಗಿ ನಿಮ್ಮ ತಂಗಿಗೆ ಸಣ್ಣ ತೂತುಗಳ ಆಪರೇಷನ್ನೇ ಒಳ್ಳೆಯದು. ಮುಂಡ ಗಿಡ್ಡವಾಗಿದ್ದು ಒಳಗೆ ಜಾಗ ಸಾಲದೆ, ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದರೂ ಅದನ್ನು ಸರ್ಜನ್ನರ ಸೋಲೆಂದು ತಿಳಿಯಬೇಡಿ.

ಇನ್ನು ಗಾಳಿಯ ವಿಚಾರ. ತುಂಬುವುದು ಕಾರ್ಬನ್ ಡೈಆಕ್ಸೈಡ್, ಒತ್ತಡ ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿ.ಮೀ. ಬಿಪಿ ನೋಡುವಾಗ ತೋಳಿನ ಪಟ್ಟಿ ಹಿಂಡುತ್ತದಲ್ಲ, ಹೆಚ್ಚುಕಡಿಮೆ ಅದರ ಹತ್ತನೇ ಒಂದು ಪಾಲು! ಇದಕ್ಕೆ ಪಕ್ಕೆಲುಬು ಮುರಿಯುವ ಭಯವಿಲ್ಲ. ಆದರೆ ವಪೆ ಮೇಲಕ್ಕೇರಿ, ಸೊಟ್ಟ ಬೆನ್ನಿನಿಂದ ಮೊದಲೇ ಇಕ್ಕಟ್ಟಾದ ಶ್ವಾಸಕೋಶಕ್ಕೆ ತ್ರಾಸಾಗುತ್ತದೆ. ಅದಕ್ಕೇ ಕಡಿಮೆ ಒತ್ತಡದಲ್ಲಿ, ನಿಧಾನವಾಗಿ ತುಂಬುತ್ತಾರೆ.

ಅಮ್ಮ ಗಾಳಿಗೆ ಹೆದರಿದರೆ ನಾನು ಹೆದರುವುದು ಆ ಬಿಪಿ ಪಟ್ಟಿಗೆ. ಈ ಕಾಯಿಲೆಯಲ್ಲಿ ಅದು ಬಿಗಿದೇ ತೋಳಿನ ಮೂಳೆ ಮುರಿಯಬಹುದು. ಕೆಳಗೆ ದಪ್ಪ ಹತ್ತಿ ಸುತ್ತಬೇಕು. ಅಥವಾ ರಕ್ತನಾಳಕ್ಕೇ ಸಣ್ಣ ನಳಿಕೆ ಹಾಕಿ ಬಿಪಿ ನೋಡಬೇಕು. ಅರಿವಳಿಕೆ ಕೊಟ್ಟ ಮೇಲೆ ತಂಗಿ 'ಅಯ್ಯೋ' ಎನ್ನಲಾರಳು ನೋಡಿ. ಉಸಿರಿನ ನಳಿಕೆ ಹಾಕಲು ಕತ್ತು ಹಿಂದಕ್ಕೆ ಬಾಗಿಸುವುದು, ದವಡೆ ಎಳೆಯುವುದು, ಹಲ್ಲಿಗೆ ತಾಗುವುದು ಎಲ್ಲವೂ ಅಪಾಯ. ಕ್ಯಾಮೆರಾ ಇರುವ ಲ್ಯಾರಿಂಗೋಸ್ಕೋಪ್ ಇದ್ದರೆ ಕತ್ತನ್ನು ಅಷ್ಟು ಬಾಗಿಸಬೇಕಾಗಿಲ್ಲ. ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಸ್ನಾಯುಗಳನ್ನು ಒಮ್ಮೆ ಅದುರಿಸುತ್ತದೆ. ಆ ಅದುರಿಗೇ ಮೂಳೆ ಮುರಿದೀತೆಂದು ಅದನ್ನು ದೂರವಿಡುತ್ತಾರೆ. ಪಿತ್ತಕೋಶ ಕಾಣಲೆಂದು ಮೇಜನ್ನು ತಲೆ ಮೇಲಾಗಿಸಿ ಎಡಕ್ಕೆ ವಾಲಿಸುತ್ತಾರೆ. ಆಗ ಮೈ ಜಾರದಂತೆ ಮೆತ್ತೆ ಬೇಕು, ಬಿಗಿಯದ ಪಟ್ಟಿ ಬೇಕು.

ಈ ಕಾಯಿಲೆಯಲ್ಲಿ ಕೆಲವರಿಗೆ ರಕ್ತ ಬೇಗ ನಿಲ್ಲುವುದಿಲ್ಲ, ಕೆಲವರಿಗೆ ಆಪರೇಷನ್ ನಡುವೆ ಮೈ ಬಿಸಿಯೇರುತ್ತದೆ. ಮೊದಲೇ ಕತ್ತಿನ ಎಕ್ಸ್‌ರೇ, ಎಕೋ, ಶ್ವಾಸಕೋಶದ ಪರೀಕ್ಷೆ ಆಗಲಿ.

ಹಳೆಯ ಎಕ್ಸ್‌ರೇಗಳನ್ನೆಲ್ಲ ಹಿಡಿದು ಅರಿವಳಿಕೆ ವೈದ್ಯರನ್ನು ಒಂದು ವಾರ ಮೊದಲೇ ಕಾಣಿ. ಅವರಿಲ್ಲದ ದಿನ ಸರ್ಜನ್ ಜೊತೆಗಷ್ಟೇ ಮಾತಾಡಿ ಬರಬೇಡಿ. ಟ್ರಾಲಿಯಿಂದ ಮೇಜಿಗೆ ಸಾಗಿಸುವವರು ಕಂಕುಳಿಗೆ ಕೈಹಾಕಿ ಎತ್ತದೆ, ಹಾಸುಬಟ್ಟೆ ಸಮೇತ ನಾಲ್ಕು ಜನ ಜಾರಿಸಬೇಕು. ತಂಗಿಯನ್ನು ಹೇಗೆ ಹಿಡಿದರೆ ನೋವಾಗದು ಎಂಬುದು 29 ವರ್ಷದಿಂದ ಎತ್ತಿ ಇಳಿಸಿದ ಅಮ್ಮನಿಗೆ ಗೊತ್ತು. ಥಿಯೇಟರ್ ಸಿಬ್ಬಂದಿಗೆ ಅದನ್ನು ತೋರಿಸಿಕೊಡಲು ಅಂದು ಅವರನ್ನೂ ಕರೆದುಕೊಂಡು ಹೋಗಿ.