ಬಾಲಿಯಲ್ಲಿ ಭಾಗಾಕಾರ, ಗುಣಾಕಾರ

ಬಾಲಿಗೆ ಹೋಗಿಬಂದವರು ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೊಬ್ಬರಾದರೂ ಸಿಗುತ್ತಾರೆ. 2024ರಲ್ಲಿ ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನ ಶುರುವಾದ ಮೇಲೆ ಕೇಳುವುದೇ ಬೇಡ. ಅವರ ಸಲಹೆಗಳಲ್ಲಿ ಎರಡು ಪಂಥ. ‘ವಿಲ್ಲಾ ತಗೊಳ್ಳಿ, ಸ್ವಂತ ಪೂಲು, ಅರ್ಧ ದುಡ್ಡು’ ಎನ್ನುವವರು ಒಂದು ಕಡೆ. ‘ರೆಸಾರ್ಟೇ ವಾಸಿ, ಯಾವ ತಲೆಬಿಸಿಯೂ ಇಲ್ಲ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಹೇಳುವುದು ನಿಜವೇ. ಆದರೆ ತಾವು ಎಷ್ಟು ಜನ ಹೋಗಿದ್ದೆವು, ಯಾರ ಜೊತೆ ಹೋಗಿದ್ದೆವು, ಮಧ್ಯಾಹ್ನದ ಊಟ ಎಲ್ಲಿ ಮಾಡಿದೆವು ಎಂಬುದನ್ನು ಇಬ್ಬರೂ ಹೇಳುವುದಿಲ್ಲ. ಲೆಕ್ಕ ನಿಂತಿರುವುದು ಅಲ್ಲೇ.

ಈ ಅಂಕಣಗಾರ್ತಿಯ ಮನೆಯಲ್ಲಿ ಹೊರಟವರು ಆರು ಜನ: ಗಂಡ-ಹೆಂಡತಿ, ಕಾಲೇಜು ಮೆಟ್ಟಿಲು ಹತ್ತಿದ್ದ ಇಬ್ಬರು ಮಕ್ಕಳು, ಅತ್ತೆ ಮತ್ತು ಮಂಡಿನೋವಿನ ಮಾವ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಮಾವನವರದು ಒಂದೇ ಪ್ರಶ್ನೆ: “ದಿನಕ್ಕೆ, ತಲೆಗೆ ಎಷ್ಟು ಬೀಳುತ್ತಮ್ಮಾ?” ಬುಕಿಂಗ್ ಆ್ಯಪ್‌ಗಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅವು ತೋರಿಸುವುದು ರಾತ್ರಿಯೊಂದರ ದರ. ವಿಲ್ಲಾ ಆದರೆ ಇಡೀ ಮನೆಗೆ, ರೆಸಾರ್ಟ್ ಆದರೆ ಒಂದು ಕೋಣೆಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೆಚ್ಚುಕಮ್ಮಿ ಒಂದೇ ಎನಿಸುತ್ತದೆ.

ಆ ಕುಟುಂಬಕ್ಕೆ ಸಿಕ್ಕ ದರಗಳನ್ನೇ ನೋಡಿ. ಸನೂರ್‌ನಲ್ಲಿ ಮೂರು ಮಲಗುವ ಕೋಣೆಗಳ, ಸಣ್ಣದೊಂದು ಪೂಲ್ ಇರುವ ವಿಲ್ಲಾಗೆ ರಾತ್ರಿಗೆ 28 ಲಕ್ಷ ರುಪಿಯಾ, ತೆರಿಗೆಯೆಲ್ಲ ಸೇರಿ. ನುಸಾ ದುವಾದ ಕಡಲ ದಂಡೆಯ ರೆಸಾರ್ಟಿನಲ್ಲಿ ಕೋಣೆಯೊಂದಕ್ಕೆ 24 ಲಕ್ಷ, ಬೆಳಗಿನ ತಿಂಡಿ ಸೇರಿ. ಲಕ್ಷ ಎಂದು ಬೆಚ್ಚಬೇಕಿಲ್ಲ. ಸಾವಿರ ಇಂಡೊನೇಷ್ಯಾ ರುಪಿಯಾ ನಮ್ಮ ಐದು ರೂಪಾಯಿ ಚಿಲ್ಲರೆಗೆ ಸಮ. ಆದರೆ ಆ 24 ಲಕ್ಷದ ಮುಂದೆ ಸಣ್ಣಗೆ ಎರಡು ಕೂಡುಚಿಹ್ನೆಗಳಿದ್ದವು. ಬಾಲಿಯ ಹೋಟೆಲುಗಳಲ್ಲಿ, ಊಟದ ಮೆನುಗಳಲ್ಲಿ ಈ ‘ಪ್ಲಸ್ ಪ್ಲಸ್’ ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಬೇಕು. ಮೊದಲ ಪ್ಲಸ್ ಶೇ 10ರ ಸೇವಾ ಶುಲ್ಕ. ಎರಡನೆಯದು ಶೇ 10ರ ಸ್ಥಳೀಯ ತೆರಿಗೆ, ಅದೂ ಸೇವಾ ಶುಲ್ಕ ಸೇರಿದ ಮೊತ್ತದ ಮೇಲೆ. ಹೀಗಾಗಿ 20 ಅಲ್ಲ, 21. ಅಂದರೆ 24 ಲಕ್ಷದ ಕೋಣೆ ಬಿಲ್ಲಿನಲ್ಲಿ 29 ಲಕ್ಷ ದಾಟುತ್ತದೆ. ಆರು ಜನಕ್ಕೆ ಮೂರು ಕೋಣೆ ಎಂದರೆ 87 ಲಕ್ಷ, ನಮ್ಮ ದುಡ್ಡಿನಲ್ಲಿ ಸುಮಾರು 46 ಸಾವಿರ ರೂಪಾಯಿ. ವಿಲ್ಲಾ ಸುಮಾರು 15 ಸಾವಿರ.

ಇಲ್ಲಿಗೇ ನಿಲ್ಲಿಸಿದರೆ ವಿಲ್ಲಾ ಪಂಥದವರಿಗೆ ಜಯ. ಆದರೆ ಬಾಡಿಗೆ ಕೊಟ್ಟ ಮಾತ್ರಕ್ಕೆ ವಿಲ್ಲಾದ ಖರ್ಚು ಮುಗಿಯುವುದಿಲ್ಲ. ಬಾಲಿಯಲ್ಲಿ ನಮ್ಮ ಬಿಎಂಟಿಸಿಯಂಥ ಸಿಟಿ ಬಸ್ಸನ್ನು ನೆಚ್ಚಿಕೊಂಡು ತಿರುಗುವುದು ಕಷ್ಟ. ಆ್ಯಪ್ ಟ್ಯಾಕ್ಸಿಗಳಿವೆ, ಅಗ್ಗವೂ ಹೌದು. ಆದರೆ ಎಷ್ಟೋ ಕಡೆ ಊರಿನ ಚಾಲಕರ ಸಂಘಗಳು ಅವು ಜನರನ್ನು ಹತ್ತಿಸಿಕೊಳ್ಳಲು ಬಿಡುವುದಿಲ್ಲ. ಹಾಗಾಗಿ ಚಾಲಕನ ಸಮೇತ ದಿನಪೂರ್ತಿ ಕಾರು, ಸುಮಾರು 7 ಲಕ್ಷ ರುಪಿಯಾ. ಸ್ಕೂಟರು ಇದರ ಎಂಟನೇ ಒಂದು ಭಾಗಕ್ಕೆ ಸಿಗುತ್ತದೆ. ಆದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಓಡಿಸಿ ಬಿದ್ದರೆ ಪ್ರವಾಸ ವಿಮೆ ಕೈಕೊಡುವ ಸಂಭವ ಹೆಚ್ಚು. ಬಾಲಿಯಲ್ಲಿ ಮೊಣಕೈಗೆ ಬ್ಯಾಂಡೇಜ್ ಸುತ್ತಿಕೊಂಡು ತಿರುಗುವ ಪ್ರವಾಸಿಗರ ಸಂಖ್ಯೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ಅಡುಗೆಮನೆ. ವಿಲ್ಲಾ ಜಾಹೀರಾತುಗಳಲ್ಲಿ ಸಸ್ಯಾಹಾರಿ ಕನ್ನಡಿಗರನ್ನು ಸೆಳೆಯುವುದು ಪೂಲ್‌ಗಿಂತ ಹೆಚ್ಚಾಗಿ ಇದೇ. ಕಾರಣವಿದೆ. ಬಾಲಿಯ ವಾರುಂಗ್‌ಗಳಲ್ಲಿ, ಅಂದರೆ ರಸ್ತೆಬದಿಯ ಸಣ್ಣ ಹೋಟೆಲುಗಳಲ್ಲಿ, ಟೆಂಪೆ, ತೊಫು, ಕಡಲೆಕಾಯಿ ಗೊಜ್ಜು ಹಾಕಿದ ಗಾಡೊ-ಗಾಡೊ ಎಲ್ಲ ಸಿಗುತ್ತದೆ. ಆದರೆ ಅಲ್ಲಿನ ಸಂಬಾಲ್ ಎಂಬ ಖಾರದ ಗೊಜ್ಜಿನಲ್ಲಿ ಸಾಮಾನ್ಯವಾಗಿ ಸೀಗಡಿ ಅರೆದ ತೆರಾಸಿ ಇರುತ್ತದೆ. ತಟ್ಟೆಯಲ್ಲಿ ಕಾಣುವುದಿಲ್ಲ, ಕೇಳದ ಹೊರತು ಹೇಳುವುದೂ ಇಲ್ಲ. ‘ನಮ್ಮದೇ ಅಡುಗೆಮನೆ ಇದ್ದರೆ ನಿಶ್ಚಿಂತೆ’ ಎಂದು ಮಗ ಉತ್ಸಾಹದಿಂದ ಹೇಳಿದಾಗ ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಇಷ್ಟು ದುಡ್ಡು ಸುರಿದು, ಸಮುದ್ರ ದಾಟಿ ಹೋಗಿ, ಅಲ್ಲೂ ಕುಕ್ಕರ್ ಕೂಗಿಸೋದು ನಾವೇನಾ?”

ಹಣಕಾಸು ಬರಹಗಳಲ್ಲಿ ಈ ಪ್ರಶ್ನೆಗೆ ಜಾಗ ಸಿಗುವುದು ಕಡಿಮೆ. ‘ವಿಲ್ಲಾದಲ್ಲಿ ಅಡುಗೆ ಮಾಡಿಕೊಂಡರೆ ಉಳಿತಾಯ’ ಎಂಬ ಸಲಹೆಯಲ್ಲಿ ಅಡುಗೆ ಮಾಡುವವರ ಕೂಲಿ ಸೊನ್ನೆ. ಆ ಸೊನ್ನೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಎಲ್ಲ ಮನೆಗಳಿಗೂ ಗೊತ್ತು. ಅಂಕಣಗಾರ್ತಿಯ ಮನೆಯವರು ವಿಲ್ಲಾದ ಸಿಬ್ಬಂದಿಯಲ್ಲೇ ಒಬ್ಬಾಕೆಗೆ ಅಡುಗೆಯ ಹೊಣೆ ವಹಿಸಿದರು. ದಿನಕ್ಕೆ 3 ಲಕ್ಷ ರುಪಿಯಾ ಆಕೆಗೆ, ಸುಮಾರು 4 ಲಕ್ಷ ತರಕಾರಿ-ದಿನಸಿಗೆ. ತೆರಾಸಿ ಬೇಡ ಎಂದದ್ದಕ್ಕೆ ಆಕೆ ಟೊಮೆಟೊ, ಹಸಿಮೆಣಸು, ನಿಂಬೆ ಸೊಪ್ಪಿನ ಸಂಬಾಲ್ ಮಾಡಿಕೊಟ್ಟರು. ಅತ್ತೆಯವರು ಅದನ್ನು ಚಟ್ನಿ ಎಂದೇ ಅಂಗೀಕರಿಸಿದರು.

ಈಗ ಮಾವನವರ ಪ್ರಶ್ನೆಗೆ ಉತ್ತರ ಹೇಳಬಹುದು. ವಿಲ್ಲಾ 28, ಕಾರು 7, ಅಡುಗೆ 7: ದಿನಕ್ಕೆ 42 ಲಕ್ಷ ರುಪಿಯಾ. ರೂಪಾಯಿಯಲ್ಲಿ ಸುಮಾರು 22 ಸಾವಿರ, ತಲೆಗೆ 3,700. ರೆಸಾರ್ಟಿನಲ್ಲಿ ಮೂರು ಕೋಣೆ, ಜೊತೆಗೆ ಎರಡು ಹೊತ್ತಿನ ಊಟವೂ ಅಲ್ಲೇ ಎಂದರೆ ಊಟಕ್ಕೇ 32 ಲಕ್ಷ ಸೇರುತ್ತದೆ (ತಲೆಗೆ ಹೊತ್ತಿಗೆ 2.2 ಲಕ್ಷದ ತಟ್ಟೆ, ಅದರ ಮೇಲೆ ಮತ್ತದೇ ಪ್ಲಸ್ ಪ್ಲಸ್). ಒಟ್ಟು ಸುಮಾರು 63 ಸಾವಿರ ರೂಪಾಯಿ, ತಲೆಗೆ 10,500. ವಿಲ್ಲಾದಲ್ಲಿ ಬಾಡಿಗೆ, ಕಾರು, ಅಡುಗೆಯಾಕೆಯ ಕೂಲಿ ಮೂರೂ ತಲೆ ಹೆಚ್ಚಿದಷ್ಟೂ ಭಾಗವಾಗುತ್ತ ಹೋಗುತ್ತವೆ. ರೆಸಾರ್ಟಿನಲ್ಲಿ ಕೋಣೆ, ಊಟ, ಕಾಫಿ, ಮಕ್ಕಳು ಕೇಳುವ ಎಳನೀರು ಎಲ್ಲವೂ ತಲೆ ಹೆಚ್ಚಿದಷ್ಟೂ ಗುಣಿಸುತ್ತ ಹೋಗುತ್ತವೆ.

ಹಾಗಾದರೆ ಇಬ್ಬರೇ ಹೋದರೆ?

ಲೆಕ್ಕ ಮಗುಚಿ ಬೀಳುತ್ತದೆ ಎನ್ನಲಾಗದು, ಆದರೆ ಅಂತರ ಬಹಳ ಕುಗ್ಗುತ್ತದೆ. ಹೊಸದಾಗಿ ಮದುವೆಯಾದ ಸಂಬಂಧಿಯೊಬ್ಬಳಿಗೆ ಅಂಕಣಗಾರ್ತಿ ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಹೀಗೆ. ಉಬುದ್‌ನಲ್ಲಿ ಒಂದು ಕೋಣೆಯ ಪೂಲ್ ವಿಲ್ಲಾ, ತಿಂಡಿ ಸೇರಿ 15 ಲಕ್ಷ. ಕಾರು ಆರು ಜನಕ್ಕೂ 7 ಲಕ್ಷ, ಇಬ್ಬರಿಗೂ 7 ಲಕ್ಷ. ಅಲ್ಲಿಗೆ 22. ರೆಸಾರ್ಟಿನ ಕೋಣೆ 29. ಆದರೆ ಕಡಲು ಕಾಲಬುಡದಲ್ಲೇ ಇರುವುದರಿಂದ ದಿನವೂ ಕಾರು ಬೇಡ. ವ್ಯತ್ಯಾಸ ದಿನಕ್ಕೆ 3,700 ರೂಪಾಯಿ. ಅದೂ ರೆಸಾರ್ಟಿನ ಗೇಟಿನಾಚೆ ನಡೆದುಹೋಗಿ ಉಣ್ಣುವವರಿಗೆ. ಮೂರು ಹೊತ್ತೂ ಒಳಗೇ ಉಣ್ಣುವವರ ಲೆಕ್ಕ ಬೇರೆ. ನಾಲ್ಕು ದಿನದ ಮಧುಚಂದ್ರಕ್ಕೆ ಆ ಮೊತ್ತ ದೊಡ್ಡದೋ ಸಣ್ಣದೋ ಎಂಬುದು ಅವರವರಿಗೆ ಬಿಟ್ಟದ್ದು. ಹುಡುಗಿ ರೆಸಾರ್ಟ್ ಆರಿಸಿಕೊಂಡಳು. ತಪ್ಪೇನಿಲ್ಲ.

ರೆಸಾರ್ಟಿನ ಬಾಡಿಗೆ ಏಕೆ ಅಷ್ಟು ಎಂದು ಕೇಳುವವರು ಬಾಲಿಯ ಇತಿಹಾಸವನ್ನೊಮ್ಮೆ ನೋಡಬೇಕು. 1966ರಲ್ಲಿ ಸನೂರ್ ಕಡಲತೀರದಲ್ಲಿ ಹತ್ತು ಅಂತಸ್ತಿನ ಹೋಟೆಲ್ ಎದ್ದಿತು. ಅದನ್ನು ಕಂಡು ಸ್ಥಳೀಯರು ಕಸಿವಿಸಿಗೊಂಡರು. ಮುಂದೆ ಕಟ್ಟಡಗಳು ತೆಂಗಿನ ಮರದೆತ್ತರ, ಅಂದರೆ 15 ಮೀಟರ್, ಮೀರಬಾರದೆಂಬ ನಿಯಮ ಬಂತು. ಮೇಲಕ್ಕೆ ಬೆಳೆಯಲಾಗದ ಹೋಟೆಲುಗಳು ಅಡ್ಡಕ್ಕೆ ಹಬ್ಬಿದವು. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ಪಡೆದು ಯೋಜಿಸಿದ ನುಸಾ ದುವಾ ಗೇಟು, ಕಾವಲು, ಹುಲ್ಲುಹಾಸುಗಳ ಪ್ರತ್ಯೇಕ ಲೋಕವೇ ಆಯಿತು. 2022ರ ಜಿ-20 ಶೃಂಗಸಭೆ ನಡೆದದ್ದೂ ಅಲ್ಲೇ. ಕಡಲ ದಂಡೆಯ ಎಕರೆಗಟ್ಟಲೆ ತೋಟ, ನಸುಕಿನಲ್ಲೇ ಮರಳು ಗುಡಿಸುವ ಮಾಲಿಗಳು, ಜೀವರಕ್ಷಕರು, ಜನರೇಟರು ಎಲ್ಲದಕ್ಕೂ ಕಾಸು ಹುಟ್ಟಬೇಕಾದದ್ದು ಕೋಣೆಯ ಬಾಡಿಗೆಯಲ್ಲೇ. ಆ ತೋಟದಲ್ಲಿ ಅಡ್ಡಾಡುವವರಿಗೆ, ಮರಳಿನಲ್ಲಿ ಕೂರುವವರಿಗೆ ದುಡ್ಡು ವಸೂಲಿ. ಬೆಳಗ್ಗೆ ಎಂಟಕ್ಕೆ ದೇವಸ್ಥಾನ, ಜಲಪಾತ ಎಂದು ಹೊರಟು ಕತ್ತಲಾದ ಮೇಲೆ ಬಂದು ಮಲಗುವವರು ಬೇರೆಯವರ ತೋಟಕ್ಕೆ ನೀರು ಹಾಕಿದಂತೆ.

ವಿಲ್ಲಾದಲ್ಲಿ ಕೊಡುವುದು ದುಡ್ಡಿನ ರೂಪದಲ್ಲಿ ಅಲ್ಲ, ಅನಿಶ್ಚಿತತೆಯ ರೂಪದಲ್ಲಿ. ಪಕ್ಕದ ಗದ್ದೆಯಲ್ಲಿ ಇನ್ನೊಂದು ವಿಲ್ಲಾ ಏಳುತ್ತಿದ್ದರೆ ಏಳು ಗಂಟೆಗೇ ಟೈಲ್ಸ್ ಕತ್ತರಿಸುವ ಸದ್ದು. ಚಾಂಗು ಕಡೆ ಇದು ತೀರ ಮಾಮೂಲು. ಪೂಲ್‌ಗೆ ಬೇಲಿ ಇರುವುದಿಲ್ಲ. ಹಾಲ್‌ನಿಂದ ಮೂರು ಹೆಜ್ಜೆಗೆ ನೀರು, ಅಂಬೆಗಾಲಿಡುವ ಕೂಸಿದ್ದರೆ ಒಬ್ಬರಿಗೆ ರಜೆಯೇ ಇಲ್ಲ. ಸನೂರ್‌ನ ವಿಲ್ಲಾದಲ್ಲಿ ಮಾವನವರ ಕೋಣೆ ಕೆಳಗೇ ಇತ್ತು, ಆದರೆ ಸ್ನಾನದ ಮನೆಗೆ ಕಲ್ಲಿನ ನಾಲ್ಕು ಮೆಟ್ಟಿಲು, ಹಿಡಿಯಲು ಏನೂ ಇಲ್ಲ. ಫೋಟೊದಲ್ಲಿ ಆ ಮೆಟ್ಟಿಲುಗಳು ಬಹಳ ಚೆನ್ನಾಗಿ ಕಂಡಿದ್ದವು.

ಕಾನೂನಿನ ಮಾತೂ ಇದೆ. ಇಂಡೊನೇಷ್ಯಾದಲ್ಲಿ ವಿದೇಶಿಯರು ಭೂಮಿಯ ಪೂರ್ಣ ಒಡೆತನ ಪಡೆಯುವಂತಿಲ್ಲ. ಎಷ್ಟೋ ವಿಲ್ಲಾಗಳು ದೀರ್ಘಾವಧಿ ಗುತ್ತಿಗೆಯ ಮೇಲೆ ನಡೆಯುತ್ತವೆ. ನೆಲದೊಡೆಯ ಒಬ್ಬ, ಗುತ್ತಿಗೆದಾರ ಇನ್ನೊಬ್ಬ, ಬುಕಿಂಗ್ ನೋಡಿಕೊಳ್ಳುವವ ಮತ್ತೊಬ್ಬ. ಪರವಾನಗಿ ಸರಿಯಿಲ್ಲದ ಕಟ್ಟಡಗಳೂ ಸಾಕಷ್ಟಿವೆ; 2025ರ ಜುಲೈನಲ್ಲಿ ಬಿಂಗಿನ್ ಕಡಲತೀರದಲ್ಲಿ ಅಕ್ರಮವಾಗಿ ಕಟ್ಟಿದ್ದ ಹತ್ತಾರು ಕಟ್ಟಡಗಳನ್ನು ಸರ್ಕಾರ ಕೆಡವಲು ಶುರುಮಾಡಿತು. ಹೀಗಿರುವಾಗ ‘ಆ್ಯಪ್ ಬಿಟ್ಟು ನೇರ ನಮ್ಮ ಖಾತೆಗೆ ಹಾಕಿ, ಶೇ 10 ಕಡಿಮೆ ಮಾಡ್ತೀವಿ’ ಎಂಬ ವಾಟ್ಸ್‌ಆ್ಯಪ್ ಸಂದೇಶಕ್ಕೆ ಮರುಳಾಗುವುದು ಲಾಭವಲ್ಲ. ತಕರಾರು ಬಂದರೆ ಆ್ಯಪ್ ಮತ್ತು ಕ್ರೆಡಿಟ್ ಕಾರ್ಡ್ ಎರಡೂ ಬೆನ್ನಿಗಿರುತ್ತವೆ. ಖಾತೆಗೆ ಕಳಿಸಿದ ಹಣದ ಬೆನ್ನಿಗೆ ಯಾರೂ ಇಲ್ಲ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇ 3.5ರವರೆಗೂ ಹೋಗುವುದರಿಂದ ಹೊರಡುವ ಮುಂಚೆ ಕಡಿಮೆ ಶುಲ್ಕದ ಕಾರ್ಡ್ ನೋಡಿಕೊಳ್ಳುವುದು ಒಳ್ಳೆಯದು. ಟೂರ್ ಕಂಪನಿಯಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್ (ಮೂಲದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ಕೈಯಲ್ಲಿರುವುದಿಲ್ಲ.

ವಿಲ್ಲಾ, ರೆಸಾರ್ಟ್ ಯಾವುದಾದರೂ ತಪ್ಪದ ಖರ್ಚೂ ಇದೆ. ಬಂದಿಳಿದಾಗ ಪಡೆಯುವ ವೀಸಾಗೆ ತಲೆಗೆ 5 ಲಕ್ಷ ರುಪಿಯಾ, 2024ರ ಫೆಬ್ರುವರಿಯಿಂದ ಬಂದ ಪ್ರವಾಸಿ ಶುಲ್ಕ ಒಂದೂವರೆ ಲಕ್ಷ. ಆರು ಜನಕ್ಕೆ ನಮ್ಮ 20 ಸಾವಿರ ರೂಪಾಯಿ ಮೀರುತ್ತದೆ.

ಮಾರ್ಚ್‌ನಲ್ಲಿ ಹೋಗುವವರಿಗೆ ಇನ್ನೊಂದು ವಿಷಯ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬಾಲಿಯ ಶಕ ವರ್ಷದ ಮೊದಲ ದಿನ ‘ನ್ಯೆಪಿ’ ಬರುತ್ತದೆ. 2026ರಲ್ಲಿ ಎರಡೂ ಬಿದ್ದದ್ದು ಮಾರ್ಚ್ 19ಕ್ಕೇ. ಬೆಳಗ್ಗೆ ಆರರಿಂದ ಮರುದಿನ ಬೆಳಗ್ಗೆ ಆರರವರೆಗೆ ದ್ವೀಪವೇ ಮೌನ. ವಿಮಾನ ನಿಲ್ದಾಣ ಮುಚ್ಚುತ್ತದೆ, ಅಂಗಡಿಗಳಿಲ್ಲ, ಬೀದಿಗೆ ಕಾಲಿಡುವಂತಿಲ್ಲ, ಹೊರಗೆ ಕಾಣುವಂತೆ ದೀಪ ಹಚ್ಚುವಂತಿಲ್ಲ, ಮೊಬೈಲ್ ಇಂಟರ್ನೆಟ್ಟೂ ಬಂದ್. ಪ್ರವಾಸಿಗರಿಗೂ ವಿನಾಯಿತಿ ಇಲ್ಲ. ಸಾಂಪ್ರದಾಯಿಕ ಕಾವಲುಗಾರರಾದ ‘ಪೆಚಲಾಂಗ್’ಗಳು ಗಸ್ತು ತಿರುಗುತ್ತಿರುತ್ತಾರೆ. ಆವತ್ತು ವಿಲ್ಲಾದಲ್ಲಿರುವವರು ಹಿಂದಿನ ದಿನವೇ ಅಕ್ಕಿ, ಬೇಳೆ, ಹಾಲು, ನೀರಿನ ಕ್ಯಾನು ತುಂಬಿಸಿಟ್ಟುಕೊಂಡಿರಬೇಕು, ಅಡುಗೆಯಾಕೆಯೂ ಬರುವುದಿಲ್ಲ. ರೆಸಾರ್ಟಿನಲ್ಲಿ ಊಟವೂ ಇರುತ್ತದೆ, ಓಡಾಡಲು ತೋಟವೂ ಇರುತ್ತದೆ. ಆ ಒಂದೆರಡು ರಾತ್ರಿಗೆ ರೆಸಾರ್ಟಿನ ಹೆಚ್ಚುವರಿ ಹಣ ಕೊಡಲು ಅಂಕಣಗಾರ್ತಿ ಹಿಂಜರಿಯುವುದಿಲ್ಲ. ತಾರೀಖು ನೋಡದೆ ಟಿಕೆಟ್ ಮಾಡಿಸುವವರ ವಿಷಯದಲ್ಲಿ ಮಾತ್ರ ಅವಳಿಗೆ ಹೇಳಲು ಏನೂ ಇಲ್ಲ.

ಹೊರಡುವ ದಿನದ ಲೆಕ್ಕವನ್ನು ಬಹಳ ಜನ ಮರೆಯುತ್ತಾರೆ. ಕೋಣೆ ಬಿಡಬೇಕಾದದ್ದು ಸಾಮಾನ್ಯವಾಗಿ ಮಧ್ಯಾಹ್ನದೊಳಗೆ. ವಿಮಾನ ರಾತ್ರಿಗಿದ್ದರೆ ನಡುವಿನ ಹೊತ್ತು ಎಲ್ಲಿ? ದೊಡ್ಡ ರೆಸಾರ್ಟುಗಳಲ್ಲಿ ಸಾಮಾನು ಇಟ್ಟು ಪೂಲ್‌ಗಿಳಿದು, ಸ್ನಾನ ಮುಗಿಸಿ ಹೊರಡಲು ಬಿಡುತ್ತಾರೆ. ವಿಲ್ಲಾದಲ್ಲಿ ಮಧ್ಯಾಹ್ನಕ್ಕೇ ಮುಂದಿನ ಕುಟುಂಬ ಬಂದು ನಿಂತಿರುತ್ತದೆ. ಅದಕ್ಕೇ ಅಂಕಣಗಾರ್ತಿಯ ಮನೆಯವರು ಮೊದಲ ರಾತ್ರಿಗಳನ್ನೆಲ್ಲ ಸನೂರ್‌ನ ವಿಲ್ಲಾದಲ್ಲಿ ಕಳೆದು, ಕೊನೆಯದನ್ನು ಮಾತ್ರ ನುಸಾ ದುವಾದ ರೆಸಾರ್ಟಿಗೆ ಎತ್ತಿಟ್ಟರು. ಅಲ್ಲಿಂದ ಸಮುದ್ರದ ಮೇಲಿನ ಟೋಲ್ ರಸ್ತೆಯಲ್ಲಿ ವಿಮಾನ ನಿಲ್ದಾಣ ಹತ್ತಿರ. ಉಬುದ್‌ನಿಂದಾದರೆ ದಟ್ಟಣೆಯಲ್ಲಿ ಒಂದೂವರೆ ತಾಸು ಹಿಡಿದುಕೊಳ್ಳಬೇಕು.

ಈಗ ಯಾರಾದರೂ ಸಲಹೆ ಕೇಳಿದರೆ ಅವಳು ವಿಲ್ಲಾದವರಿಗೆ ಕಳಿಸಲು ಕೆಲವು ಪ್ರಶ್ನೆಗಳನ್ನು ಬರೆದುಕೊಡುತ್ತಾಳೆ. ದರದಲ್ಲಿ ತೆರಿಗೆ ಸೇರಿದೆಯೇ, ಮುಂಗಡ ಎಷ್ಟು, ರದ್ದು ಮಾಡಿದರೆ ಎಷ್ಟು ವಾಪಸು, ಸ್ನಾನದ ಮನೆಗೆ ಮೆಟ್ಟಿಲಿದೆಯೇ, ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆಯೇ, ಕಾರು ಬಾಗಿಲವರೆಗೆ ಬರುತ್ತದೆಯೇ ಅಥವಾ ಸೂಟ್‌ಕೇಸ್ ಎಳೆದುಕೊಂಡು ಓಣಿಯಲ್ಲಿ ನಡೆಯಬೇಕೇ? ಚೆನ್ನಾಗಿ ನಡೆಸುವ ಮನೆಗಳಿಂದ ಒಂದೆರಡು ದಿನದಲ್ಲಿ ಎಲ್ಲದಕ್ಕೂ ಬಿಡಿಬಿಡಿಯಾಗಿ ಉತ್ತರ ಬರುತ್ತದೆ. ‘ಎಲ್ಲ ಚೆನ್ನಾಗಿದೆ, ಬೇಗ ಬುಕ್ ಮಾಡಿ’ ಎಂದಷ್ಟೇ ಬಂದರೆ ಪಟ್ಟಿಯಲ್ಲಿ ಮುಂದಿನ ಮನೆ ನೋಡುವುದು.